ಎಸ್‌ಎಸ್‌ಎಚ್ ಒಳಗೆ ಬಿಡದಿದ್ದಾಗ: ಖಾಸಗಿ ಕೀ ತೊಂದರೆಯನ್ನು ಹುಡುಕುವ ಬಗೆ

ಹೋದ ಆಷಾಢದಲ್ಲಿ ಒಂದು ರಾತ್ರಿ ಒಂಬತ್ತರ ಹೊತ್ತಿಗೆ ಶಿವಮೊಗ್ಗದಿಂದ ಭಾವನ ಫೋನ್ ಬಂತು. ಅವರು ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಮಂಡಿಯ ಲೆಕ್ಕವೆಲ್ಲ ಇರುವುದು ಬಾಡಿಗೆಗೆ ಪಡೆದ ಒಂದು ಲಿನಕ್ಸ್ ಸರ್ವರ್‌ನಲ್ಲಿ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಿಂದ ಆ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ದೂರದಿಂದ ಅದರ ಒಳಗೆ ಹೋಗಿ ಕೆಲಸ ಮಾಡಲು ಬಳಸುವ ಪ್ರೋಗ್ರಾಮೇ ಎಸ್‌ಎಸ್‌ಎಚ್. ಗುರುತಿಗೆ ಪಾಸ್‌ವರ್ಡ್ ಬದಲು ಕೀ ಎಂಬ ಸಣ್ಣ ಫೈಲನ್ನು ಬಳಸುತ್ತೇವೆ. "ಹೊಸ ಲ್ಯಾಪ್‌ಟಾಪ್ ತಗೊಂಡೆ. ಹಳೇ ಕೀನೇ ಹಾಕಿದೀನಿ. ಒಳಗೆ ಬಿಡ್ತಾನೇ ಇಲ್ಲ ಮಾರಾಯಾ. ಬೆಳಿಗ್ಗೆ ವಹಿವಾಟು ಶುರುವಾಗೋದ್ರೊಳಗೆ ಸರಿ ಆಗ್ಬೇಕು" ಎಂದರು.

ಹೊರಗೆ ಜಡಿಮಳೆ. ಕರೆಂಟ್ ಸಂಜೆಯೇ ಹೋಗಿತ್ತು. ನಮ್ಮಲ್ಲಿ ಫೋನ್ ಸಿಗ್ನಲ್ ಸಿಗುವುದು ಜಗುಲಿಯ ಒಂದು ಮೂಲೆಯಲ್ಲಿ ಮಾತ್ರ. ಅವರ ಸ್ಕ್ರೀನನ್ನು ಇಲ್ಲಿಂದ ನೋಡುವ ಮಾತೇ ಇರಲಿಲ್ಲ. ನಾನು ಕಮಾಂಡ್ ಹೇಳಬೇಕು, ಬಂದದ್ದನ್ನು ಅವರು ಓದಿ ಹೇಳಬೇಕು. ಮುಕ್ಕಾಲು ಗಂಟೆ ಹಿಡಿಯಿತು. ಆ ರಾತ್ರಿ ಒಂದರ ಹಿಂದೆ ಒಂದು ನೋಡುತ್ತ ಹೋದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಭಾವನಿಗೆ ಬರದ, ಆದರೆ ಬೇರೆಯವರಿಗೆ ಬಂದು ನಾನು ನೋಡಿರುವ ತೊಂದರೆಗಳನ್ನೂ ಆಯಾ ಜಾಗದಲ್ಲಿ ಸೇರಿಸಿದ್ದೇನೆ.

ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳಿದ ಹಾಗೇ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ. ದೊಡ್ಡ ಅಕ್ಷರ ಬೇಕಾದ ಕಡೆ ಹಾಗಂತ ಹೇಳಿದ್ದೇನೆ.

ಮೊದಲು: ಏನನ್ನೂ ಬದಲಿಸಬೇಡಿ

ಒಳಗೆ ಬಿಡಲಿಲ್ಲ ಅಂದ ಕೂಡಲೇ ಕೈ ಓಡುವುದು ಮೂರು ಕಡೆಗೆ. ಸಿಎಚ್‌ಮಾಡ್ 777 ಹೊಡೆದು ಫೈಲನ್ನು ಎಲ್ಲರಿಗೂ ತೆರೆದಿಡುವುದು. ಕೀಗಳಿರುವ ಡಾಟ್ ಎಸ್‌ಎಸ್‌ಎಚ್ ಫೋಲ್ಡರನ್ನೇ ಅಳಿಸುವುದು. ಇಲ್ಲವೇ ಕೀ ಹುಟ್ಟಿಸುವ ಎಸ್‌ಎಸ್‌ಎಚ್-ಕೀಜೆನ್ ಇನ್ನೊಮ್ಮೆ ಓಡಿಸುವುದು. ಮೊದಲನೆಯದು ತೊಂದರೆಯನ್ನು ಜಾಸ್ತಿ ಮಾಡುತ್ತದೆ. ಉಳಿದೆರಡು ಇನ್ನೂ ಅಪಾಯ. ಕೀಜೆನ್ ಅದೇ ಹೆಸರಿನ ಫೈಲ್ ಕಂಡರೆ "ಓವರ್‌ರೈಟ್?" ಎಂದು ಕೇಳುತ್ತದೆ. ಅಲ್ಲಿ ಸುಮ್ನೆ ವೈ ಒತ್ತಿದರೆ ಹಳೆಯ ಖಾಸಗಿ ಕೀ ಹೋಯಿತು. ಪಬ್ಲಿಕ್ ಕೀ ಕೈಯಲ್ಲಿದ್ದರೂ ಅದರಿಂದ ಖಾಸಗಿ ಕೀಯನ್ನು ಮತ್ತೆ ಹುಟ್ಟಿಸಲು ಬರುವುದಿಲ್ಲ. ಸರ್ವರ್‌ಗೆ ಬೇರೆ ದಾರಿ ಇಲ್ಲದಿದ್ದರೆ ನೀವು ಹೊರಗೇ ಉಳಿದಿರಿ.

ಸರ್ವರ್‌ಗೆ ಈಗಾಗಲೇ ಒಳಹೊಕ್ಕ ಇನ್ನೊಂದು ಕಿಟಕಿ ಎಲ್ಲಾದರೂ ತೆರೆದಿದ್ದರೆ ಅದನ್ನು ಮುಚ್ಚಬೇಡಿ. ಕೆಲಸ ಪೂರ್ತಿ ಮುಗಿಯುವ ತನಕ ಅದೇ ನಿಮ್ಮ ಹಿತ್ತಿಲ ಬಾಗಿಲು.

ಬೀಗ ಯಾವುದು, ಬೀಗದ ಕೈ ಯಾವುದು

ಇಂಗ್ಲಿಷಿನಲ್ಲಿ ಎರಡಕ್ಕೂ ಕೀ ಅಂತಲೇ ಹೆಸರು. ಗೊಂದಲ ಹುಟ್ಟುವುದು ಅಲ್ಲಿಂದಲೇ. ನಮ್ಮ ಮಾತಿನಲ್ಲಿ ಹೇಳುವುದಾದರೆ ಪಬ್ಲಿಕ್ ಕೀ ಅಂದರೆ ಬೀಗ, ಖಾಸಗಿ ಕೀ ಅಂದರೆ ಬೀಗದ ಕೈ. ಬೀಗವನ್ನು ಯಾರಿಗೆ ಬೇಕಾದರೂ ಕೊಡಬಹುದು, ಎಷ್ಟು ಬಾಗಿಲಿಗೆ ಬೇಕಾದರೂ ಹಾಕಬಹುದು. ಸರ್ವರ್‌ನಲ್ಲಿ ಆಥರೈಸ್ಡ್_ಕೀಸ್ ಎಂಬ ಫೈಲ್ ಇರುತ್ತದೆ. ಅದರ ಒಂದೊಂದು ಸಾಲೂ ಒಂದೊಂದು ಬೀಗ. ಅವುಗಳಲ್ಲಿ ಯಾವುದಾದರೂ ಒಂದಕ್ಕೆ ಸರಿಯಾದ ಕೈ ನಿಮ್ಮಲ್ಲಿದ್ದರೆ ಸಾಕು, ಒಳಗೆ ಬಿಡುತ್ತದೆ.

ಲಾಗಿನ್ ಆಗುವಾಗ ಖಾಸಗಿ ಕೀ ನೆಟ್‌ವರ್ಕ್‌ನಲ್ಲಿ ಹರಿದು ಹೋಗುವುದೇ ಇಲ್ಲ. ನಿಮ್ಮ ಯಂತ್ರ ಆ ಕೀಯಿಂದ ಒಂದು ಸಹಿ ಮಾಡಿ ಕಳಿಸುತ್ತದೆ. ಸರ್ವರ್ ತನ್ನ ಬಳಿ ಇರುವ ಪಬ್ಲಿಕ್ ಕೀ ಜೊತೆ ಅದನ್ನು ತಾಳೆ ನೋಡುತ್ತದೆ. ಎಸ್‌ಎಸ್‌ಎಚ್ ಹುಟ್ಟಿದ್ದೇ ಕಳ್ಳಗಿವಿಯಿಂದ ತಪ್ಪಿಸಿಕೊಳ್ಳಲು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದು ಹಿಡಿದರು. ಅದಾದ ಮೇಲೆ ಅಲ್ಲಿನ ಟಾಟು ಇಲೋನೆನ್ ಇದನ್ನು ಬರೆದರು. ಇವತ್ತು ನಾವೆಲ್ಲ ಬಳಸುವ ಓಪನ್‌ಎಸ್‌ಎಸ್‌ಎಚ್ 1999ರಲ್ಲಿ ಓಪನ್‌ಬಿಎಸ್‌ಡಿ ತಂಡದಿಂದ ಬಂತು.

ಕೈಗೆ ಏನಾಗಿದೆ, ಬೀಗಕ್ಕೆ ಏನಾಗಿದೆ ಅಂತ ಬೇರೆ ಬೇರೆ ಮಾಡಿ ನೋಡಿದರೆ ಹುಡುಕಾಟ ಅರ್ಧ ಮುಗಿದ ಹಾಗೆ.

ಮೆಸೇಜ್ ಪೂರ್ತಿ ಓದಿ

"ಏನು ಬರ್ತಿದೆ ಭಾವ, ಒಂದಕ್ಷರ ಬಿಡದೆ ಓದಿ" ಎಂದೆ. "ಕನೆಕ್ಷನ್ ಟೈಮ್ಡ್ ಔಟ್" ಎಂದರು.

ಹಾಗಾದರೆ ಇದು ಕೀ ತೊಂದರೆಯೇ ಅಲ್ಲ. ಬಾಗಿಲ ತನಕವೇ ಹೋಗಿಲ್ಲ. ಇಂಟರ್ನೆಟ್ ಇಲ್ಲ, ಇಲ್ಲವೇ ಸರ್ವರ್ ವಿಳಾಸ ತಪ್ಪು, ಇಲ್ಲವೇ ನಡುವೆ ಯಾವುದೋ ಫೈರ್‌ವಾಲ್ ಎಸ್‌ಎಸ್‌ಎಚ್‌ನ ಬಾಗಿಲಾದ 22ನೇ ಪೋರ್ಟನ್ನು ನುಂಗುತ್ತಿದೆ. ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ಕೇಬಲ್ ಹೋಗುವುದು ಮಾಮೂಲು. ವೈಫೈ ಚಿಹ್ನೆ ತುಂಬಾ ಕಾಣುತ್ತದೆ, ಹಿಂದೆ ಇಂಟರ್ನೆಟ್ ಇರುವುದಿಲ್ಲ. ಭಾವನ ಮನೆಯಲ್ಲೂ ಅದೇ ಆಗಿತ್ತು. ಮೊಬೈಲ್ ಹಾಟ್‌ಸ್ಪಾಟ್‌ಗೆ ಬದಲಿಸಿದ ಕೂಡಲೇ ಮೆಸೇಜ್ ಬದಲಾಯಿತು.

"ಕನೆಕ್ಷನ್ ರಿಫ್ಯೂಸ್ಡ್" ಅಂತ ಬಂದರೆ ಸಾಮಾನ್ಯವಾಗಿ ಯಂತ್ರ ಸಿಕ್ಕಿದೆ, ಆದರೆ ಆ ಪೋರ್ಟಿನಲ್ಲಿ ಎಸ್‌ಎಸ್‌ಎಚ್ ಓಡುತ್ತಿಲ್ಲ. ಅದೂ ಕೀ ವಿಷಯವಲ್ಲ. ಕೀಯ ಮಾತು ಶುರುವಾಗುವುದು "ಪರ್ಮಿಶನ್ ಡಿನೈಡ್" ಬಂದಾಗ. ಅದರ ಪಕ್ಕದಲ್ಲಿ ಕಂಸದೊಳಗೆ ಇರುವುದನ್ನೂ ಓದಿ. ಸರ್ವರ್ ಯಾವ ಯಾವ ಬಗೆಯಲ್ಲಿ ಒಳಗೆ ಬಿಡಲು ತಯಾರಿದೆ ಎಂಬ ಪಟ್ಟಿ ಅದು. ಬರೀ ಪಬ್ಲಿಕ್‌ಕೀ ಅಂತಿದ್ದರೆ ಕೀ ಒಂದೇ ದಾರಿ. ಪಾಸ್‌ವರ್ಡ್ ಅಂತಲೂ ಇದ್ದರೆ ಪಾಸ್‌ವರ್ಡ್ ಬಾಗಿಲೂ ತೆರೆದಿದೆ. ಹಾಟ್‌ಸ್ಪಾಟ್ ಹಾಕಿದ ಮೇಲೆ ಭಾವನಿಗೆ ಬಂದದ್ದು ಪರ್ಮಿಶನ್ ಡಿನೈಡ್, ಪಕ್ಕದಲ್ಲಿ ಪಬ್ಲಿಕ್‌ಕೀ ಒಂದೇ.

ಇನ್ನೊಂದು ಮೆಸೇಜ್ ಸಾಲು ಸಾಲು @ ಗುರುತಿನ ನಡುವೆ ದೊಡ್ಡ ಅಕ್ಷರದಲ್ಲಿ ಬರುತ್ತದೆ. ರಿಮೋಟ್ ಹೋಸ್ಟ್ ಐಡೆಂಟಿಫಿಕೇಶನ್ ಹ್ಯಾಸ್ ಚೇಂಜ್ಡ್. ಇದು ನಿಮ್ಮ ಕೀ ಬಗ್ಗೆ ಅಲ್ಲ, ಸರ್ವರ್‌ನ ಗುರುತಿನ ಬಗ್ಗೆ. ಸರ್ವರನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿದ್ದರೆ ಹೀಗಾಗುತ್ತದೆ. ನಡುವೆ ಬೇರೆ ಯಾರೋ ನಿಂತು ತಾನೇ ಸರ್ವರ್ ಅಂತ ನಟಿಸಿದರೂ ಹೀಗೇ ಬರುತ್ತದೆ. ಸರ್ವರ್ ನೋಡಿಕೊಳ್ಳುವವರಿಗೆ ಫೋನ್ ಮಾಡಿ, ಏನಾದರೂ ಬದಲಿಸಿದ್ದೀರಾ ಅಂತ ಕೇಳಿ. ಹೌದು ಅಂದ ಮೇಲೆಯೇ ಎಸ್‌ಎಸ್‌ಎಚ್-ಕೀಜೆನ್, ಹೈಫನ್ ದೊಡ್ಡ ಆರ್, ಸರ್ವರ್ ಹೆಸರು ಕೊಟ್ಟು ಹಳೆಯ ಗುರುತನ್ನು ತೆಗೆಯಿರಿ. ಕೇಳದೆ ತೆಗೆಯುವವರನ್ನು ತುಂಬಾ ಜನ ನೋಡಿದ್ದೇನೆ. ಅದನ್ನು ಮಾತ್ರ ನಾನು ಒಪ್ಪುವುದಿಲ್ಲ.

-ವಿ ಹಾಕಿ ಮೂರು ಸಾಲು ಹುಡುಕಿ

ಇಡೀ ಕೆಲಸದ ಜೀವ ಇಲ್ಲಿದೆ.

ಎಸ್‌ಎಸ್‌ಎಚ್ -ವಿ ಮಂಡಿ@ಸರ್ವರ್

ಮಂಡಿ ಎಂಬುದು ಸರ್ವರ್‌ನಲ್ಲಿರುವ ಬಳಕೆದಾರನ ಹೆಸರು. ಹೈಫನ್ ವಿ ಹಾಕಿದರೆ ಎಸ್‌ಎಸ್‌ಎಚ್ ತಾನು ಮಾಡುವ ಪ್ರತಿಯೊಂದು ಕೆಲಸವನ್ನೂ ಹೇಳುತ್ತ ಹೋಗುತ್ತದೆ. ಪುಟಗಟ್ಟಲೆ ಬರುತ್ತದೆ, ಹೆದರಬೇಡಿ. ಅದರಲ್ಲಿ ಬೇಕಾದ್ದು ಮೂರೇ ಸಾಲು.

"ಆಫರಿಂಗ್ ಪಬ್ಲಿಕ್ ಕೀ" ಅಂತ ನಿಮ್ಮ ಕೀಯ ಹೆಸರಿನ ಜೊತೆ ಒಂದು ಸಾಲು ಇದೆಯಾ? ನಿಮ್ಮ ಯಂತ್ರ ಆ ಕೀಯನ್ನು ಸರ್ವರ್ ಮುಂದೆ ಹಿಡಿದಿದೆ ಅಂತ ಅರ್ಥ. ಅದಾದ ಮೇಲೆ "ಸರ್ವರ್ ಆಕ್ಸೆಪ್ಟ್ಸ್ ಕೀ" ಇದೆಯಾ? ಈ ಬೀಗ ನನ್ನಲ್ಲಿದೆ, ಕೈ ಹಾಕಿ ತೋರಿಸು ಎಂದು ಸರ್ವರ್ ಹೇಳಿದೆ. ಕೊನೆಗೆ "ಆಥೆಂಟಿಕೇಟೆಡ್" ಬಂದರೆ ಒಳಗೆ ಹೋದಿರಿ.

ಆಫರಿಂಗ್ ಸಾಲೇ ಇಲ್ಲ ಅಂದರೆ ತೊಂದರೆ ನಿಮ್ಮ ಲ್ಯಾಪ್‌ಟಾಪಿನಲ್ಲಿದೆ. ಕೀ ಸಿಕ್ಕೇ ಇಲ್ಲ. ಆಫರಿಂಗ್ ಇದ್ದು ಆಕ್ಸೆಪ್ಟ್ಸ್ ಇಲ್ಲ ಅಂದರೆ ಹೆಚ್ಚಾಗಿ ಸರ್ವರ್ ಕಡೆ ತೊಂದರೆ. ಬೀಗ ಅಲ್ಲಿಲ್ಲ, ಇಲ್ಲವೇ ಬಳಕೆದಾರನ ಹೆಸರು ತಪ್ಪು. ಆಕ್ಸೆಪ್ಟ್ಸ್ ಕೂಡ ಬಂದು ಆಮೇಲೆ ಮುರಿದುಬಿದ್ದರೆ ಖಾಸಗಿ ಕೀ ಫೈಲನ್ನು ತೆರೆಯಲು ಆಗುತ್ತಿಲ್ಲ, ಇಲ್ಲವೇ ಸಹಿ ಹೊಂದುತ್ತಿಲ್ಲ. ಈ ಮೂರರಲ್ಲಿ ಯಾವುದು ಅಂತ ಗೊತ್ತಾಗುವ ತನಕ ಏನನ್ನೂ ಮುಟ್ಟಬೇಡಿ. ಸರ್ವರ್‌ನಲ್ಲಿ ಬೀಗ ಇಲ್ಲದಿರುವಾಗ ಲ್ಯಾಪ್‌ಟಾಪಿನ ಪರ್ಮಿಶನ್ ತಿದ್ದುತ್ತ ರಾತ್ರಿಯೆಲ್ಲ ಕೂರುವುದು ಯಾರಿಗೆ ಬೇಕು?

ಭಾವ ಐದು ನಿಮಿಷ ಹುಡುಕಿದರು. ಆಫರಿಂಗ್ ಸಾಲು ಇರಲಿಲ್ಲ.

ಕೀ ಸಿಗದೆ ಇದ್ದಾಗ

ಎಸ್‌ಎಸ್‌ಎಚ್ ತಾನಾಗಿ ಹುಡುಕುವುದು ಮನೆ ಫೋಲ್ಡರಿನ ಒಳಗಿನ ಡಾಟ್ ಎಸ್‌ಎಸ್‌ಎಚ್ ಫೋಲ್ಡರಿನಲ್ಲಿ. ಅದೂ ಐಡಿ_ಆರ್‌ಎಸ್‌ಎ, ಐಡಿ_ಇಸಿಡಿಎಸ್‌ಎ, ಐಡಿ_ಇಡಿ25519 ಮುಂತಾದ ಗೊತ್ತಾದ ಹೆಸರುಗಳನ್ನು ಮಾತ್ರ. ಬೇರೆ ಹೆಸರಿಟ್ಟರೆ, ಬೇರೆ ಕಡೆ ಇಟ್ಟರೆ ನೀವೇ ತೋರಿಸಬೇಕು. ಅದಕ್ಕೆ -ಐ ಎಂಬ ಆಯ್ಕೆ ಇದೆ.

ಎಸ್‌ಎಸ್‌ಎಚ್ -ಐ ಕೀಫೈಲ್‌ನ_ದಾರಿ ಮಂಡಿ@ಸರ್ವರ್

-ವಿ ಹಾಕಿದಾಗ ಪ್ರತಿ ಕೀ ಹೆಸರಿನ ಮುಂದೆ "ಟೈಪ್" ಅಂತ ಒಂದು ಅಂಕಿ ಬರುತ್ತದೆ. ಅದು ಮೈನಸ್ ಒಂದು ಆಗಿದ್ದರೆ ಸಾಮಾನ್ಯವಾಗಿ ಆ ಹೆಸರಿನ ಫೈಲ್ ಅಲ್ಲಿಲ್ಲ.

ಕೆಲವರು ಎಲ್ಲದಕ್ಕೂ ಮುಂದೆ ಸುಡೋ (ಯಂತ್ರದ ಯಜಮಾನನಾದ ರೂಟ್ ಹೆಸರಿನಲ್ಲಿ ಓಡಿಸು ಎಂಬ ಕಮಾಂಡ್) ಸೇರಿಸುವ ಅಭ್ಯಾಸ ಮಾಡಿಕೊಂಡಿರುತ್ತಾರೆ. ಸುಡೋ ಎಸ್‌ಎಸ್‌ಎಚ್ ಅಂತ ಕೊಟ್ಟರೆ ಅದು ನಿಮ್ಮ ಫೋಲ್ಡರ್ ಬಿಟ್ಟು ರೂಟ್ ಬಳಕೆದಾರನ ಫೋಲ್ಡರಿನಲ್ಲಿ ಹುಡುಕುತ್ತದೆ. ನಿಮ್ಮ ಕೀ ಅಲ್ಲೆಲ್ಲಿ ಇರಬೇಕು? ಎಸ್‌ಎಸ್‌ಎಚ್‌ಗೆ ಸುಡೋ ಬೇಡ. ವಿಂಡೋಸ್‌ನಲ್ಲಿ ಇನ್ನೊಂದು ಬಗೆ. ನೋಟ್‌ಪ್ಯಾಡಿನಲ್ಲಿ ಸೇವ್ ಮಾಡಿದ ಕೀಗೆ ಕಣ್ಣಿಗೆ ಕಾಣದ ಹಾಗೆ ಡಾಟ್ ಟಿಎಕ್ಸ್‌ಟಿ ಬಾಲ ಅಂಟಿಕೊಂಡಿರುತ್ತದೆ.

"ಕೀ ಎಲ್ಲಿಟ್ಟಿದ್ದೀರಿ ಭಾವ?"

"ಪೆನ್‌ಡ್ರೈವಲ್ಲೇ ಇದೆ ಮಾರಾಯಾ. ಹಳೇ ಲ್ಯಾಪ್‌ಟಾಪಿಂದ ಅದರಲ್ಲೇ ತಂದಿದ್ದು."

ಪೆನ್‌ಡ್ರೈವಿನ ದಾರಿಯನ್ನು -ಐ ಜೊತೆ ಕೊಡಿಸಿದೆ. ಈ ಸಲ ಆಫರಿಂಗ್ ಬಂತು, ಸರ್ವರ್ ಆಕ್ಸೆಪ್ಟ್ಸ್ ಕೀ ಕೂಡ ಬಂತು. ಅಂದರೆ ಸರ್ವರ್ ಕಡೆ ಎಲ್ಲ ಸರಿಯಾಗಿದೆ. ಅದರ ಬೆನ್ನಿಗೇ ಇನ್ನೊಂದು ದೊಡ್ಡ ಎಚ್ಚರಿಕೆ: ಅನ್‌ಪ್ರೊಟೆಕ್ಟೆಡ್ ಪ್ರೈವೇಟ್ ಕೀ ಫೈಲ್. ಪರ್ಮಿಶನ್ 0644, ತೀರಾ ತೆರೆದಿದೆ, ಈ ಕೀಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಪರ್ಮಿಶನ್ ತೀರಾ ತೆರೆದಿದ್ದಾಗ

ಖಾಸಗಿ ಕೀಯನ್ನು ಅದರ ಒಡೆಯನ ಹೊರತು ಬೇರೆ ಯಾರಿಗೂ ಓದಲು ಬರಬಾರದು. ಬರುವ ಹಾಗಿದ್ದರೆ ಎಸ್‌ಎಸ್‌ಎಚ್ ಆ ಕೀಯನ್ನು ಬಳಸುವುದೇ ಇಲ್ಲ. ಹಟಮಾರಿತನ ಅಂತ ಅನ್ನಿಸಬಹುದು. ನನಗೆ ಇದು ಎಸ್‌ಎಸ್‌ಎಚ್‌ನಲ್ಲಿ ತುಂಬಾ ಇಷ್ಟವಾದ ಗುಣ. ಮಾಮೂಲು ಮದ್ದು ಇದು:

ಸಿಎಚ್‌ಮಾಡ್ 600 ಕೀಫೈಲ್

600 ಅಂದರೆ ಒಡೆಯ ಓದಬಹುದು, ಬರೆಯಬಹುದು, ಉಳಿದವರಿಗೆ ಏನೂ ಇಲ್ಲ. ಡಾಟ್ ಎಸ್‌ಎಸ್‌ಎಚ್ ಫೋಲ್ಡರಿಗೆ 700 ಇರಲಿ.

ಭಾವ ಈ ಕಮಾಂಡ್ ಕೊಟ್ಟರು. ಯಾವ ತಕರಾರೂ ಇಲ್ಲದೆ ಮುಗಿಯಿತು. ಮತ್ತೆ ಲಾಗಿನ್ ಮಾಡಿದರೆ ಅದೇ ಎಚ್ಚರಿಕೆ, ಅದೇ 0644. ಇಲ್ಲಿ ತುಂಬಾ ಜನ ದಾರಿ ತಪ್ಪುತ್ತಾರೆ. ಪೆನ್‌ಡ್ರೈವ್‌ಗಳು ಹೆಚ್ಚಾಗಿ ಫ್ಯಾಟ್ ಅಥವಾ ಎಕ್ಸ್‌ಫ್ಯಾಟ್ ಬಗೆಯಲ್ಲಿರುತ್ತವೆ. ಯಾರು ಓದಬಹುದು, ಯಾರು ಓದಬಾರದು ಅಂತ ಒಂದೊಂದು ಫೈಲಿಗೂ ಬರೆದಿಡುವ ಜಾಗವೇ ಅವುಗಳಲ್ಲಿ ಇಲ್ಲ. ಸಿಎಚ್‌ಮಾಡ್ ಸುಮ್ಮನೆ ಆದ ಹಾಗೆ ಕಾಣುತ್ತದೆ, ಏನೂ ಬದಲಾಗಿರುವುದಿಲ್ಲ. ಕಮಾಂಡ್ ಕೊಟ್ಟ ಮೇಲೆ ಎಲ್‌ಎಸ್ -ಎಲ್ ಹಾಕಿ ಪರ್ಮಿಶನ್ ಬದಲಾಗಿದೆಯಾ ಅಂತ ಕಣ್ಣಾರೆ ನೋಡಿ.

ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್‌ನಲ್ಲೂ ಇದೇ ಕಥೆ. ಸಿ ಡ್ರೈವಿನಲ್ಲಿರುವ ಫೈಲಿಗೆ ಅಲ್ಲಿಂದ ಸಿಎಚ್‌ಮಾಡ್ ಮಾಡಿದರೆ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಕೀಯನ್ನು ಲಿನಕ್ಸ್ ಕಡೆಯ ಮನೆ ಫೋಲ್ಡರಿನಲ್ಲೇ ಇಡಬೇಕು. ಬರೀ ವಿಂಡೋಸ್ ಬಳಸುವವರು ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಸೆಕ್ಯೂರಿಟಿ, ಅಡ್ವಾನ್ಸ್ಡ್‌ಗೆ ಹೋಗಿ. ಮೇಲಿನ ಫೋಲ್ಡರಿನಿಂದ ಬಂದ ಅನುಮತಿಗಳನ್ನು ನಿಲ್ಲಿಸಿ, ನಿಮ್ಮ ಹೆಸರೊಂದನ್ನೇ ಉಳಿಸಿ.

ಆ ರಾತ್ರಿ ಕೀಯನ್ನು ಲ್ಯಾಪ್‌ಟಾಪಿಗೆ ನಕಲು ಮಾಡಿ 600 ಹಾಕಿದ್ದರೆ ಭಾವ ಅರ್ಧ ನಿಮಿಷದಲ್ಲಿ ಒಳಗಿರುತ್ತಿದ್ದರು. ಅವರಿಗೂ ಅದು ಹೊಳೆಯಿತು. "ಡೆಸ್ಕ್‌ಟಾಪಿಗೆ ಹಾಕ್ಲಾ?" ಎಂದರು. "ಒಂದು ನಿಮಿಷ ತಡೀರಿ. ಆ ಪೆನ್‌ಡ್ರೈವ್ ಎಲ್ಲೆಲ್ಲಿ ಹೋಗಿ ಬಂದಿದೆ?" ಎಂದು ಕೇಳಿದೆ. ಬಿಲ್ ಪ್ರಿಂಟ್ ಹಾಕಿಸಲು ಪ್ರತಿ ವಾರ ಜೆರಾಕ್ಸ್ ಅಂಗಡಿಗೆ ಕೊಡುತ್ತಿದ್ದರಂತೆ. ಕೀಗೆ ಪಾಸ್‌ಫ್ರೇಸ್, ಅಂದರೆ ಅದನ್ನು ತೆರೆಯಲು ಬೇಕಾದ ಗುಟ್ಟಿನ ಪದಗಳು, ಇತ್ತಾ? ಇರಲಿಲ್ಲ.

ಅಂಗಡಿಯವರ ಮೇಲೆ ನನಗೆ ಅನುಮಾನವಿಲ್ಲ. ಆದರೆ ದಿನಕ್ಕೆ ನೂರು ಪೆನ್‌ಡ್ರೈವ್ ಚುಚ್ಚಿಸಿಕೊಳ್ಳುವ ಕಂಪ್ಯೂಟರಿನಲ್ಲಿ ಯಾವ ವೈರಸ್ ಏನು ನಕಲು ಮಾಡಿಕೊಂಡಿದೆ ಎಂದು ಹೇಳುವವರು ಯಾರು? ಪಾಸ್‌ಫ್ರೇಸ್ ಇಲ್ಲದ ಖಾಸಗಿ ಕೀಯ ನಕಲು ಯಾರ ಕೈಗೆ ಸಿಕ್ಕಿದರೂ ಮಂಡಿಯ ಲೆಕ್ಕವೆಲ್ಲ ಅವರದ್ದೇ. ಪರ್ಮಿಶನ್ ತಿದ್ದಿದರೆ ಲಾಗಿನ್ ಆಗುತ್ತಿತ್ತು ನಿಜ, ಅಸಲಿ ತೊಂದರೆ ಹಾಗೇ ಉಳಿಯುತ್ತಿತ್ತು. ಹಾಗಾಗಿ ಆ ಕೀಯನ್ನು ಬಿಟ್ಟುಬಿಡಲು ತೀರ್ಮಾನ ಮಾಡಿದೆವು. ಏನು ಮಾಡಿದೆವು ಅಂತ ಕೊನೆಗೆ ಬರೆಯುತ್ತೇನೆ. ಅದಕ್ಕೆ ಮೊದಲು, ಭಾವನಿಗೆ ಬರದಿದ್ದರೂ ನಿಮಗೆ ಬರಬಹುದಾದವು ಇನ್ನೂ ಕೆಲವಿವೆ.

ಫೈಲ್ ಕೆಟ್ಟಿದ್ದಾಗ

"ಇನ್‌ವ್ಯಾಲಿಡ್ ಫಾರ್ಮ್ಯಾಟ್" ಅಥವಾ "ಎರರ್ ಇನ್ ಲಿಬ್‌ಕ್ರಿಪ್ಟೊ" ಅಂತ ಬಂದರೆ ಕೀ ಫೈಲ್ ಒಳಗೇ ಏನೋ ಕೆಟ್ಟಿದೆ. ಎಲ್ಲಿಂದಲೋ ನಕಲು ಮಾಡಿ ಅಂಟಿಸಿದಾಗ ಇದು ಜಾಸ್ತಿ. ಮೊದಲ ಸಾಲಿನ ಐದು ಹೈಫನ್‌ಗಳಲ್ಲಿ ಒಂದು ಬಿಟ್ಟುಹೋಗಿರುತ್ತದೆ. ಕೊನೆಯ ಸಾಲಿನ ನಂತರ ಎಂಟರ್ ಒತ್ತದೆ ಸೇವ್ ಮಾಡಿರುತ್ತಾರೆ. ವಿಂಡೋಸ್‌ನ ಎಡಿಟರ್ ಸಾಲಿನ ಕೊನೆಗೆ ತನ್ನ ಗುರುತು ಸೇರಿಸಿರುತ್ತದೆ. ಇವೆಲ್ಲ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಕೀಜೆನ್‌ಗೇ ಓದಲು ಹೇಳಿ:

ಎಸ್‌ಎಸ್‌ಎಚ್-ಕೀಜೆನ್ -ವೈ -ಎಫ್ ಕೀಫೈಲ್

ಖಾಸಗಿ ಕೀ ಸರಿಯಿದ್ದರೆ ಅದರಿಂದ ಪಬ್ಲಿಕ್ ಕೀಯನ್ನು ಲೆಕ್ಕ ಹಾಕಿ ಪರದೆ ಮೇಲೆ ತೋರಿಸುತ್ತದೆ. ಪಾಸ್‌ಫ್ರೇಸ್ ಇದ್ದರೆ ಕೇಳುತ್ತದೆ. ಬಂದ ಸಾಲನ್ನು ಸರ್ವರ್‌ನಲ್ಲಿರುವ ಸಾಲಿನ ಜೊತೆ ಹೋಲಿಸಿ. ಬೇರೆ ಬೇರೆ ಇದ್ದರೆ ಒಂದು ಬೀಗಕ್ಕೆ ಇನ್ನೊಂದರ ಕೈ ಹಾಕುತ್ತಿದ್ದೀರಿ. ನನಗೆ ಈ ಒಂದು ಕಮಾಂಡ್ ಉಳಿಸಿಕೊಟ್ಟಷ್ಟು ಹೊತ್ತನ್ನು ಬೇರೆ ಯಾವುದೂ ಉಳಿಸಿಲ್ಲ.

ಡಾಟ್ ಪಿಪಿಕೆ ಎಂಬ ಬಾಲದ ಫೈಲ್ ಇದ್ದರೆ ಅದು ಪುಟ್ಟಿ ಎಂಬ ಪ್ರೋಗ್ರಾಮಿನದು. ಓಪನ್‌ಎಸ್‌ಎಸ್‌ಎಚ್‌ಗೆ ಅದನ್ನು ನೇರವಾಗಿ ಕೊಡಬೇಡಿ. ಪುಟ್ಟಿಜೆನ್ ತೆರೆದು, ಆ ಫೈಲ್ ಲೋಡ್ ಮಾಡಿ, ಕನ್ವರ್ಶನ್ಸ್ ಮೆನುವಿನಿಂದ ಓಪನ್‌ಎಸ್‌ಎಸ್‌ಎಚ್ ಕೀ ಆಗಿ ಎಕ್ಸ್‌ಪೋರ್ಟ್ ಮಾಡಿ. ವಿಂಡೋಸ್ 10ರಲ್ಲಿ 2018ರಿಂದಲೇ ಓಪನ್‌ಎಸ್‌ಎಸ್‌ಎಚ್ ಜೊತೆಗೇ ಬರುತ್ತಿದೆ. ಈಗ ಹೊಸದಾಗಿ ಕಲಿಯುವವರು ನೇರವಾಗಿ ಅದನ್ನೇ ಬಳಸುವುದು ಒಳ್ಳೆಯದು.

ಕೀಗಳೇ ಜಾಸ್ತಿಯಾದಾಗ

"ಟೂ ಮೆನಿ ಆಥೆಂಟಿಕೇಶನ್ ಫೇಲ್ಯೂರ್ಸ್" ಎಂಬ ಮೆಸೇಜ್ ನಾಲ್ಕಾರು ಸರ್ವರ್ ನೋಡಿಕೊಳ್ಳುವವರಿಗೆ ಬರುತ್ತದೆ. ಏಜೆಂಟ್ ಎಂಬ ಸಹಾಯಕ ಪ್ರೋಗ್ರಾಮ್ ನಿಮ್ಮ ಕೀಗಳನ್ನು ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಹತ್ತು ಕೀ ಇದ್ದರೆ ಹತ್ತನ್ನೂ ಒಂದೊಂದಾಗಿ ಮುಂದೆ ಹಿಡಿಯುತ್ತದೆ. ಸರ್ವರ್ ತಾನಾಗಿ ಒಪ್ಪುವುದು 6 ಪ್ರಯತ್ನ ಮಾತ್ರ. ಸರಿಯಾದ ಕೀ ಏಳನೆಯದಾಗಿದ್ದರೆ ಅದರ ಸರದಿ ಬರುವ ಮೊದಲೇ ಬಾಗಿಲು ಮುಚ್ಚುತ್ತದೆ. ಎಸ್‌ಎಸ್‌ಎಚ್-ಆ್ಯಡ್ -ಎಲ್ ಕೊಟ್ಟರೆ ಏಜೆಂಟ್ ಹತ್ತಿರ ಏನೇನಿದೆ ಅಂತ ಕಾಣುತ್ತದೆ. ಹೈಫನ್ ದೊಡ್ಡ ಡಿ ಕೊಟ್ಟರೆ ಎಲ್ಲವನ್ನೂ ಏಜೆಂಟಿನ ನೆನಪಿನಿಂದ ತೆಗೆಯುತ್ತದೆ. ಫೈಲ್‌ಗಳು ಅಲ್ಲೇ ಇರುತ್ತವೆ, ಗಾಬರಿ ಬೇಡ.

ಶಾಶ್ವತ ಪರಿಹಾರ ಇರುವುದು ಡಾಟ್ ಎಸ್‌ಎಸ್‌ಎಚ್ ಒಳಗಿನ ಕಾನ್ಫಿಗ್ ಫೈಲಿನಲ್ಲಿ. ಭಾವನಿಗೆ ಆಮೇಲೆ ಬರೆದುಕೊಟ್ಟದ್ದು ಹೀಗಿತ್ತು:

ಹೋಸ್ಟ್ ಮಂಡಿಲೆಕ್ಕ
ಹೋಸ್ಟ್‌ನೇಮ್ ಸರ್ವರ್‌ನ_ವಿಳಾಸ
ಯೂಸರ್ ಮಂಡಿ
ಐಡೆಂಟಿಟಿಫೈಲ್ ~/.ಎಸ್‌ಎಸ್‌ಎಚ್/ಐಡಿ_ಇಡಿ25519
ಐಡೆಂಟಿಟೀಸ್‌ಓನ್ಲಿ ಯೆಸ್
ಸರ್ವರ್‌ಅಲೈವ್‌ಇಂಟರ್ವಲ್ 30

ಇಷ್ಟಾದರೆ ಎಸ್‌ಎಸ್‌ಎಚ್ ಮಂಡಿಲೆಕ್ಕ ಅಂದರೆ ಸಾಕು. ಐದನೇ ಸಾಲು ಇದೊಂದೇ ಕೀಯನ್ನು ತೋರಿಸು, ಉಳಿದದ್ದು ಬೇಡ ಅಂತ ಹೇಳುತ್ತದೆ. ಕೊನೆಯದು ಸರ್ವರ್ ಕಡೆಯಿಂದ 30 ಸೆಕೆಂಡ್ ಏನೂ ಬರದಿದ್ದರೆ ಇದ್ದೀಯಾ ಅಂತ ಕೇಳಿ ನೋಡುತ್ತದೆ. ಸುಮ್ಮನೆ ಬಿಟ್ಟ ಕಿಟಕಿ ಮಧ್ಯದಲ್ಲೇ ಕಟ್ ಆಗುವುದು ಇದರಿಂದ ಎಷ್ಟೋ ಕಡಿಮೆಯಾಗುತ್ತದೆ.

ಸರ್ವರ್ ಒಪ್ಪದಿದ್ದಾಗ

ಆಫರಿಂಗ್ ಇದೆ, ಆಕ್ಸೆಪ್ಟ್ಸ್ ಇಲ್ಲ. ಮೊದಲು ಬಳಕೆದಾರನ ಹೆಸರು ನೋಡಿ. ಬಾಡಿಗೆ ಸರ್ವರ್‌ಗಳಲ್ಲಿ ಅದು ಉಬುಂಟು, ಡೆಬಿಯನ್, ಇಸಿ2-ಯೂಸರ್ ಹೀಗೆ ಏನಾದರೂ ಇರುತ್ತದೆ. ಹೆಸರು ಕೊಡದೆ ಬಿಟ್ಟರೆ ಲ್ಯಾಪ್‌ಟಾಪಿನಲ್ಲಿ ನಿಮಗಿರುವ ಬಳಕೆದಾರನ ಹೆಸರನ್ನೇ ಕಳಿಸುತ್ತದೆ. ಆ ಹೆಸರಿನವರು ಅಲ್ಲಿ ಇಲ್ಲದಿದ್ದರೂ ಸರ್ವರ್ ಹಾಗಂತ ಹೇಳುವುದಿಲ್ಲ. ಪರ್ಮಿಶನ್ ಡಿನೈಡ್ ಅಂತಷ್ಟೇ ಹೇಳುತ್ತದೆ. ಯಾರ್‍ಯಾರು ಇದ್ದಾರೆ ಎಂದು ಹೊರಗಿನವರಿಗೆ ಗೊತ್ತಾಗಬಾರದಲ್ವಾ, ಅದಕ್ಕೆ.

ಆಮೇಲೆ ಆಥರೈಸ್ಡ್_ಕೀಸ್. ಒಂದು ಕೀ ಒಂದೇ ಸಾಲಿನಲ್ಲಿರಬೇಕು. ಅಂಟಿಸುವಾಗ ಸಾಲು ಎರಡಾಗಿ ಒಡೆದಿದ್ದರೆ ಎರಡೂ ಕೆಲಸಕ್ಕೆ ಬರುವುದಿಲ್ಲ. ಆ ಫೈಲಿಗೆ 600, ಡಾಟ್ ಎಸ್‌ಎಸ್‌ಎಚ್‌ಗೆ 700 ಇರಬೇಕು. ಇದನ್ನು ಎಲ್ಲರೂ ನೋಡುತ್ತಾರೆ. ಯಾರೂ ನೋಡದ್ದು ಅದರ ಮೇಲಿನ ಮನೆ ಫೋಲ್ಡರ್. ಅಲ್ಲಿ ಬೇರೆಯವರಿಗೂ ಬರೆಯಲು ಬರುವ ಹಾಗಿದ್ದರೆ, ಅವರು ಡಾಟ್ ಎಸ್‌ಎಸ್‌ಎಚ್ ಫೋಲ್ಡರನ್ನೇ ಬದಲಿಸಿಬಿಡಬಹುದು. ಹಾಗಾಗಿ ಸರ್ವರ್ ಆ ಕೀಗಳನ್ನು ನಂಬುವುದಿಲ್ಲ. ಯಾರೋ ಮನೆ ಫೋಲ್ಡರಿಗೆ 777 ಹಾಕಿ ಮರೆತಿದ್ದರಿಂದ ಒಂದು ಇಡೀ ಮಧ್ಯಾಹ್ನ ನಾನು ಇದರಲ್ಲೇ ಕಳೆದಿದ್ದೇನೆ. ಸಿಎಚ್‌ಮಾಡ್ 755 ಸಾಕು.

ಊಹೆ ಮಾಡುವುದಕ್ಕಿಂತ ಸರ್ವರ್ ತನ್ನಲ್ಲಿ ನಡೆದದ್ದನ್ನು ಬರೆದಿಡುವ ಲಾಗ್ ಓದುವುದು ಮೇಲು. ಡೆಬಿಯನ್ ಬಗೆಯ ಲಿನಕ್ಸ್‌ನಲ್ಲಿ /ವಾರ್/ಲಾಗ್ ಫೋಲ್ಡರಿನ ಒಳಗೆ ಆಥ್.ಲಾಗ್ ಇರುತ್ತದೆ, ರೆಡ್‌ಹ್ಯಾಟ್ ಬಗೆಯದರಲ್ಲಿ ಸೆಕ್ಯೂರ್ ಎಂಬ ಫೈಲ್. ಅವು ಇಲ್ಲದಿದ್ದರೆ ಜರ್ನಲ್‌ಸಿಟಿಎಲ್ ಎಂಬ ಕಮಾಂಡ್ ಇದೆ. ಹೊರಗೆ ನಿಂತವನಿಗೆ ಹೇಳದ ಕಾರಣವನ್ನು ಸರ್ವರ್ ಅಲ್ಲಿ ಬಿಡಿಸಿ ಬರೆದಿರುತ್ತದೆ. "ಬ್ಯಾಡ್ ಓನರ್‌ಶಿಪ್ ಆರ್ ಮೋಡ್ಸ್" ಅಂತಿದ್ದರೆ ಮೇಲೆ ಹೇಳಿದ ಪರ್ಮಿಶನ್ ತೊಂದರೆ. "ಇನ್‌ವ್ಯಾಲಿಡ್ ಯೂಸರ್" ಅಂತಿದ್ದರೆ ಹೆಸರು ತಪ್ಪು. ರೆಡ್‌ಹ್ಯಾಟ್ ಬಗೆಯದರಲ್ಲಿ ಎಲ್ಲ ಸರಿಯಿದ್ದೂ ಒಪ್ಪದಿದ್ದರೆ ಎಸ್‌ಇಲಿನಕ್ಸ್ ಎಂಬ ಹೆಚ್ಚಿನ ಕಾವಲು ಫೈಲಿಗೆ ಹಾಕುವ ಗುರುತು ತಪ್ಪಿರಬಹುದು. ರಿಸ್ಟೋರ್‌ಕಾನ್ -ಆರ್ ಎಂದು ಡಾಟ್ ಎಸ್‌ಎಸ್‌ಎಚ್ ಮೇಲೆ ಓಡಿಸಿ, ಆರ್ ದೊಡ್ಡದು.

ಹಳೆಯ ಸರ್ವರ್, ಹೊಸ ಲ್ಯಾಪ್‌ಟಾಪ್ ಎದುರಾದಾಗ "ನೋ ಮ್ಯೂಚುವಲ್ ಸಿಗ್ನೇಚರ್ ಆಲ್ಗಾರಿದಮ್" ಬರುವುದುಂಟು. 2021ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 8.8ರಿಂದ ಆರ್‌ಎಸ್‌ಎ ಕೀಯ ಹಳೆಯ ಎಸ್‌ಎಚ್‌ಎ-1 ಸಹಿಯನ್ನು ತಾನಾಗಿ ಒಪ್ಪುವುದನ್ನು ನಿಲ್ಲಿಸಿದ್ದಾರೆ. ಆರ್‌ಎಸ್‌ಎ ಕೀ ಕೆಟ್ಟಿದೆ ಅಂತಲ್ಲ, ಸಹಿ ಮಾಡುವ ಹಳೆಯ ರೀತಿ ದುರ್ಬಲ. ಸರ್ವರ್ ಅಪ್‌ಡೇಟ್ ಮಾಡಿ, ಆಗದಿದ್ದರೆ ಇಡಿ25519 ಬಗೆಯ ಕೀ ಮಾಡಿಕೊಳ್ಳಿ. 2014ರಿಂದ ಆಚೆಗಿನ ಓಪನ್‌ಎಸ್‌ಎಸ್‌ಎಚ್‌ಗಳಿಗೆಲ್ಲ ಅದು ಗೊತ್ತು.

ಸರ್ವರ್‌ನ ಎಸ್‌ಎಸ್‌ಎಚ್ ಸೆಟ್ಟಿಂಗ್ ಬದಲಿಸುವುದೇ ಆದರೆ ಎಸ್‌ಎಸ್‌ಎಚ್‌ಡಿ -ಟಿ ಓಡಿಸಿ ತಪ್ಪಿಲ್ಲ ಅಂತ ನೋಡಿ, ಆಮೇಲೆ ರೀಸ್ಟಾರ್ಟ್ ಮಾಡಿ. ಹಳೆಯ ಕಿಟಕಿ ತೆರೆದಿಟ್ಟುಕೊಂಡೇ ಹೊಸ ಕಿಟಕಿಯಲ್ಲಿ ಲಾಗಿನ್ ಆಗಿ ನೋಡಿ.

ಆ ರಾತ್ರಿ ಮಾಡಿದ್ದು

ಭಾವನ ಹೊಸ ಲ್ಯಾಪ್‌ಟಾಪಿನಲ್ಲೇ ಹೊಸ ಜೋಡಿ ಮಾಡಿಸಿದೆ.

ಎಸ್‌ಎಸ್‌ಎಚ್-ಕೀಜೆನ್ -ಟಿ ಇಡಿ25519 -ಸಿ ಭಾವ-ಹೊಸ-ಲ್ಯಾಪ್‌ಟಾಪ್

ಇಲ್ಲಿ ಸಿ ದೊಡ್ಡ ಅಕ್ಷರ. ಅದರ ಮುಂದಿನದು ಬರೀ ಗುರುತಿನ ಹೆಸರು. ಪಾಸ್‌ಫ್ರೇಸ್ ಕೇಳಿದಾಗ ಖಾಲಿ ಬಿಡದೆ ನಾಲ್ಕೈದು ಪದ ಸೇರಿಸಿ ಇಡಲು ಹೇಳಿದೆ. ದಿನಕ್ಕೆ ಹತ್ತು ಸಲ ಟೈಪ್ ಮಾಡುವುದು ಬೇಜಾರು ಅಂದರು. ಅದಕ್ಕೆ ಎಸ್‌ಎಸ್‌ಎಚ್-ಆ್ಯಡ್ -ಟಿ 4ಎಚ್ ಹೇಳಿಕೊಟ್ಟೆ. ಒಮ್ಮೆ ಪಾಸ್‌ಫ್ರೇಸ್ ಕೊಟ್ಟರೆ 4 ಗಂಟೆ ಏಜೆಂಟ್ ನೆನಪಿಟ್ಟುಕೊಳ್ಳುತ್ತದೆ, ಆಮೇಲೆ ಮರೆಯುತ್ತದೆ.

ಡಾಟ್ ಪಬ್ ಬಾಲದ ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರು. ಅದು ಬೀಗ, ಕಳಿಸಬಹುದು. ಬಾಲ ಇಲ್ಲದ ಫೈಲನ್ನು ಮಾತ್ರ ಯಾರು ಕೇಳಿದರೂ, ನಾನೇ ಕೇಳಿದರೂ ಕೊಡಬೇಡಿ ಅಂದೆ. ಆದರೆ ಬಂದದ್ದು ಅವರದ್ದೇ ಹೌದಾ ಅಂತ ಖಾತ್ರಿ ಬೇಕು. ಎಸ್‌ಎಸ್‌ಎಚ್-ಕೀಜೆನ್ -ಎಲ್ -ಎಫ್ ಕೊಟ್ಟರೆ ಕೀಯ ಫಿಂಗರ್‌ಪ್ರಿಂಟ್, ಅಂದರೆ ಅದನ್ನು ಗುರುತಿಸುವ ಚಿಕ್ಕ ಸಾಲು, ಬರುತ್ತದೆ, ಎಸ್‌ಎಚ್‌ಎ256 ಎಂದು ಬರೆದ ಮೇಲೆ 43 ಅಕ್ಷರ. ಅವರು ಫೋನಿನಲ್ಲಿ ಓದಿದರು, ನಾನು ನನ್ನ ಪರದೆಯಲ್ಲಿ ತಾಳೆ ನೋಡಿದೆ. ದೊಡ್ಡಕ್ಷರ, ಸಣ್ಣಕ್ಷರ ಬಿಡಿಸಿ ಓದಲು ಹೊತ್ತು ಹಿಡಿಯಿತು. ಮಳೆಯ ಸದ್ದಿನಲ್ಲಿ ಬಿ ಯಾವುದು ಡಿ ಯಾವುದು ಕೇಳಿಸದೆ ಎರಡು ಸಲ ಓದಿಸಬೇಕಾಯಿತು.

ನನ್ನ ಲ್ಯಾಪ್‌ಟಾಪಿನಿಂದ ಸರ್ವರ್‌ಗೆ ಹೋಗಿ ಹೊಸ ಸಾಲು ಸೇರಿಸಿದೆ. ಎಸ್‌ಎಸ್‌ಎಚ್‌ಗೆ ಜಗುಲಿ ಮೂಲೆಯ ಸಿಗ್ನಲ್ ಸಾಕಾಗುತ್ತದೆ. ಭಾವ ಒಳಗೆ ಬಂದರು. ಅವರು ಬಂದ ಮೇಲೆಯೇ ಹಳೆಯ ಸಾಲನ್ನು ಅಳಿಸಿದೆ. ಮೊದಲು ಹಳೆಯದನ್ನು ಅಳಿಸಿ ಆಮೇಲೆ ಹೊಸದನ್ನು ಸೇರಿಸಲು ಹೋಗಬೇಡಿ. ನಡುವೆ ಸಿಗ್ನಲ್ ಹೋದರೆ ಅವರಿಗೆ ಎರಡೂ ಇಲ್ಲ. ಲಾಗ್ ತೆಗೆದು ಹಳೆಯ ಕೀಯ ಫಿಂಗರ್‌ಪ್ರಿಂಟ್‌ನಿಂದ ಬಂದ ಲಾಗಿನ್‌ಗಳನ್ನೂ ನೋಡಿದೆ. ಲಾಗ್ ಇದ್ದಷ್ಟು ದಿನಗಳಲ್ಲಿ ಬಂದವರೆಲ್ಲ ಭಾವನೇ, ಮಂಡಿಯ ಹೊತ್ತಿನಲ್ಲೇ.

ಬೆಳಿಗ್ಗೆ ಹಳೆಯ ಲ್ಯಾಪ್‌ಟಾಪಿನಿಂದ ಒಮ್ಮೆ ಲಾಗಿನ್ ಮಾಡಿ ನೋಡಲು ಹೇಳಿದ್ದೆ. ಎಂಟು ಗಂಟೆಗೆ ಫೋನ್ ಬಂತು. "ಪರ್ಮಿಶನ್ ಡಿನೈಡ್ ಅಂತಿದೆ, ಸರಿನಾ?" ಸರಿ ಎಂದೆ. ಪೆನ್‌ಡ್ರೈವಿನಿಂದಲೂ ಆ ಫೈಲ್ ಅಳಿಸಿ, ಅದಕ್ಕೆ ಇನ್ನು ಬಿಲ್‌ಗಳನ್ನಷ್ಟೇ ಹಾಕಿ ಅಂದೆ. ಹೊಸ ಕೀಯ ಫಿಂಗರ್‌ಪ್ರಿಂಟನ್ನು ಅವರು ಖಾತೆ ಪುಸ್ತಕದ ಕೊನೆಯ ಹಾಳೆಯಲ್ಲಿ ತಾರೀಖು ಹಾಕಿ ಬರೆದಿಟ್ಟುಕೊಂಡಿದ್ದಾರೆ.